ಉಕ್ಕಿನ ಮೂಸೆಯೂ ಪೇಟೆಂಟಿನ ವ್ಯಾಜ್ಯವೂ

ಮಾದಾಪುರದ ಕಾಫಿ ತೋಟಗಳಲ್ಲಿ ಕತ್ತಿ ಮಸೆಯುವವರಿಗೆ ಉಕ್ಕಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಒಡೆತನಕ್ಕಾಗಿ ನಡೆದ ಜಗಳದ ಕಥೆಯನ್ನು ಮಾತ್ರ ಹೇಳಬೇಕು.

ಇಂಗ್ಲಿಷಿನ ‘ವುಟ್ಸ್’ ಎಂಬ ಮಾತು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತನು ಈ ಲೋಹವನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನೊಪ್ಪಿಸಿದನು. ಕಾಗುಣಿತ ಕೆಟ್ಟರೂ ವಸ್ತುವಿಗೆ ಗೌರವ ದೊರೆಯಿತು! 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಇದರ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಒಂದೆರಡು ಹಸಿರೆಲೆ, ಬಾಯಿಗೆ ಜೇಡಿಮಣ್ಣು, ಆಮೇಲೆ ತಿದಿಯ ಉರಿ. ಕಡ್ಡಿಯ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುತ್ತಿತ್ತು.

ಮದರಾಸಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದು, ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆ ತೆರೆದ ಜೋಸಯಾ ಮಾರ್ಷಲ್ ಹೀತನು 1839ರಲ್ಲಿ ಒಂದು ಸೋಜಿಗದ ಮಾತು ಬರೆದನು. ಇಂಗ್ಲೆಂಡಿನಲ್ಲಿ 1800ರಲ್ಲಿ ಮುಷೆಟ್ಟನಿಗೂ 1825ರಲ್ಲಿ ಮ್ಯಾಕಿಂಟಾಷನಿಗೂ ಪೇಟೆಂಟು, ಎಂದರೆ ಕೆಲವು ವರ್ಷಗಳ ಏಕಸ್ವಾಮ್ಯ, ದೊರೆತಿತ್ತಷ್ಟೆ. ಆ ಎರಡು ಉಪಾಯಗಳ ತತ್ತ್ವವೂ ಭಾರತದ ಮೂಸೆಯಲ್ಲಿ ಒಟ್ಟಿಗೇ ಅಡಗಿದೆಯೆಂದು ಅವನ ವಾದ. ನುರಿತ ಕಸುಬುದಾರನಿಗೆ ತಾನಾಗಿ ಹೊಳೆಯುವಂಥದಕ್ಕೆ ಪೇಟೆಂಟು ಸಲ್ಲದೆಂಬುದು ಇಂದಿನ ನ್ಯಾಯ. ನಮ್ಮ 1970ರ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯು ಪರಂಪರೆಯ ಜ್ಞಾನವನ್ನೂ ಹೊರಗಿಟ್ಟಿದೆ.

ಇಷ್ಟು ಬರೆದ ಹೀತನೇ ಅದೇ ವರುಷ ಸ್ವಂತಕ್ಕೊಂದು ಪೇಟೆಂಟು ಪಡೆದನು! ಇಂಗಾಲ ಬೆರೆತ ಮ್ಯಾಂಗನೀಸನ್ನು ನೂರಕ್ಕೆ ಒಂದರಿಂದ ಮೂರು ಪಾಲು ಮೂಸೆಗೆ ಹಾಕಿದರೆ ಉಕ್ಕು ಉತ್ತಮವಾಗುವುದು, ದುಬಾರಿಯಾದ ಸ್ವೀಡನ್ನಿನ ಕಬ್ಬಿಣವೂ ಬೇಡ. ಶೆಫೀಲ್ಡಿನಲ್ಲಿ ಅವನ ಏಜೆಂಟನಾಗಿದ್ದ ಅನ್ವಿನ್ ಆ ಮಿಶ್ರಣವನ್ನು ಕೊಳ್ಳದೆ, ಮ್ಯಾಂಗನೀಸಿನ ಆಕ್ಸೈಡನ್ನೂ ಇಂಗಾಲವನ್ನೂ ಬೇರೆಬೇರೆಯಾಗಿಯೇ ಮೂಸೆಗೆ ಸುರಿದನು. ಒಳಗಿನ ಉರಿಯಲ್ಲಿ ಅವೆರಡೂ ಕೂಡಿ ಹೀತನ ಮಿಶ್ರಣವೇ ಆಗುತ್ತದೆ, ಫಲವೂ ಅದೇ. ಇದು ಕಳವೋ, ಅಲ್ಲವೋ?

ನೀವು ನ್ಯಾಯಪೀಠದಲ್ಲಿದ್ದರೆ ಏನೆನ್ನುತ್ತಿದ್ದಿರಿ? 1844ರಲ್ಲಿ ಎಕ್ಸ್‌ಚೆಕರ್ ನ್ಯಾಯಾಲಯವು ಕಳವಲ್ಲವೆಂದಿತು. ಹೀತನು ಪತ್ರದಲ್ಲಿ ಹೆಸರಿಸಿದ್ದು ಸಿದ್ಧವಾದ ಮಿಶ್ರಣವನ್ನು. ಅದರ ಬದಲು ಬಿಡಿ ಪದಾರ್ಥಗಳನ್ನು ಹಾಕಬಹುದೆಂಬ ಸಂಗತಿ ಆ ಕಾಲದ ಕಸುಬುದಾರರಿಗೆ ತಿಳಿದಿತ್ತೆ ಎಂಬಲ್ಲಿ ವ್ಯಾಜ್ಯ ನಿಂತಿತು. ನನಗೆ ಇದು ತೀರ ಅಕ್ಷರಕ್ಕೆ ಅಂಟಿಕೊಂಡ ನ್ಯಾಯವೆಂದೇ ತೋರುತ್ತದೆ. ದಾವೆ ಮುಂದೆ ಪ್ರಭುಗಳ ಸಭೆಯನ್ನು ಮುಟ್ಟಿತು. ಅಲ್ಲಿ ಸಲಹೆಗಾಗಿ ಕರೆದ ನ್ಯಾಯಾಧೀಶರಲ್ಲಿ ಹೆಚ್ಚಿನವರು ಹೀತನ ಪರವೆಂದರೂ, 1855ರ ಅಂತಿಮ ತೀರ್ಪು ಅನ್ವಿನ್ನನ ಕಡೆಗಾಯಿತು. ಅದನ್ನು ಕೇಳಲು ಹೀತನು ಬದುಕಿರಲಿಲ್ಲ.