ಮರವೇರುವವನ ಮೊದಲ ಸಲಕರಣೆಗಳು: ಕನ್ನಡ ಕರಾವಳಿಯಿಂದ ತುರ್ಭೆಯವರೆಗೆ

ಉಳುವವನ ನೇಗಿಲು, ನೇಯುವವನ ಮಗ್ಗ, ಕುಂಬಾರನ ತಿಗರಿ ಇವುಗಳ ಚರಿತ್ರೆಯನ್ನು ವಿದ್ವಾಂಸರು ತಕ್ಕಮಟ್ಟಿಗೆ ಪರಿಶೀಲಿಸಿರುವರು. ಮರವೇರಿ ಜೀವಿಸುವವನ ಸಲಕರಣೆಗಳ ಕಡೆಗೆ ಅಷ್ಟು ಗಮನ ಹರಿದಿಲ್ಲ. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಂದು ಕತ್ತಿ, ಒಂದು ಹಗ್ಗ, ಕಾಲಿಗೊಂದು ತಳೆ, ಇಷ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವವನಲ್ಲಿ ವರ್ಣಿಸತಕ್ಕ ಯಂತ್ರವೇನೂ ಕಾಣಿಸುವುದಿಲ್ಲ. ಆದರೆ ನೇಗಿಲು ಕೆಟ್ಟರೆ ಒಂದು ದಿನದ ಉಳುಮೆ ಕೆಡುತ್ತದೆ. ತಳೆ ಹರಿದರೆ ಮನುಷ್ಯನೇ ಕೆಳಗೆ ಬೀಳುತ್ತಾನೆ. ಈ ವೃತ್ತಿಗೆ ಹೊಸತಾಗಿ ಇಳಿಯುವವನು ಯಾವುದನ್ನು ಆರಿಸಿಕೊಳ್ಳುತ್ತಿದ್ದನು, ಆ ಆಯ್ಕೆಯನ್ನು ಅವನಿಗೆ ಯಾರು ಕಲಿಸುತ್ತಿದ್ದರು ಎಂಬುದು ಆದುದರಿಂದ ವಿಚಾರಾರ್ಹವಾಗಿದೆ.

ಠಾಣೆ ಖಾಡಿಯ ಪೂರ್ವದಂಡೆಯಲ್ಲಿರುವ ತುರ್ಭೆಯು ಇಂದು ನವಿ ಮುಂಬಯಿಯ ಒಂದು ಭಾಗ. ಖಾಡಿಯ ಆಚೆಯ ಟ್ರಾಂಬೆಗೂ ಮರಾಠಿಯಲ್ಲಿ ತುರ್ಭೆ ಎಂಬ ಹೆಸರೇ ಇರುವುದರಿಂದ ಹಳೆಯ ಬರಹಗಳನ್ನು ಓದುವಾಗ ಎರಡನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ. ಉತ್ತರ ಕೊಂಕಣದ ಈ ತೀರದಲ್ಲಿ ತೆಂಗು, ತಾಳೆ, ಈಚಲುಗಳಿಂದ ಶೇಂದಿ ಇಳಿಸುವ ವೃತ್ತಿಯು ಬಹುಕಾಲದಿಂದ ಭಂಡಾರಿಗಳದಾಗಿದ್ದಿತು. ದಕ್ಷಿಣದ ತುಳುನಾಡಿನಲ್ಲಿ ಅದೇ ವೃತ್ತಿಯನ್ನು ಬಿಲ್ಲವರು ನಡೆಸುತ್ತಿದ್ದರು. ಅಲ್ಲಿ ಅದಕ್ಕೆ ಮೂರ್ತೆ ಎಂದು ಹೆಸರು. ಭಾಷೆ ಬೇರೆಯಾದರೂ ಸಲಕರಣೆಗಳು ಬಹುಮಟ್ಟಿಗೆ ಒಂದೇ. ಹೊಂಬಾಳೆಯ ತುದಿಯನ್ನು ತೆಳುವಾಗಿ ಕೆತ್ತಲು ಅಗಲವಾದ ಅಲಗಿನ ಹರಿತ ಕತ್ತಿ, ಹೊಂಬಾಳೆಯನ್ನು ಮೆಲ್ಲಗೆ ಬಡಿದು ರಸ ಒಸರುವಂತೆ ಮಾಡಲು ಎಲುಬಿನ ಅಥವಾ ಗಟ್ಟಿಮರದ ಚಿಕ್ಕ ಕೊಡತಿ, ರಸ ಹಿಡಿಯಲು ಮಡಕೆ ಅಥವಾ ಸೋರೆಬುರುಡೆ, ಏರಲು ತಳೆ. ಕತ್ತಿಯ ಹರಿತವು ಇಲ್ಲಿ ಮುಖ್ಯ. ಮೊಂಡು ಕತ್ತಿಯಿಂದ ಜಜ್ಜಿದ ಹೊಂಬಾಳೆ ರಸ ಕೊಡುವುದಿಲ್ಲ. ಮರ ಕಡಿಯುವವನ ಕತ್ತಿಗೆ ತೂಕ ಬೇಕು, ಮೂರ್ತೆಯವನ ಕತ್ತಿಗೆ ಅಲಗು ಬೇಕು. ಹೊಸಬನು ಮೊದಲು ಅರಿಯಬೇಕಾದ ಭೇದವಿದು.

ಈ ಎರಡು ತೀರಗಳನ್ನು ಸರಕಾರದ ಕಾನೂನು ಒಂದು ವಿಧದಲ್ಲಿ ಕೂಡಿಸಿತು. 1862ನೆಯ ಇಸವಿಯಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು. 1878ರ ಮುಂಬಯಿ ಅಬಕಾರಿ ಕಾಯಿದೆಯು ಬಂದಾಗ ಠಾಣೆಯ ಭಂಡಾರಿಯೂ ಉತ್ತರ ಕನ್ನಡದ ಮೂರ್ತೆಯವನೂ ಒಂದೇ ಕಟ್ಟಿಗೆ ಒಳಗಾದರು. ರಸ ಇಳಿಸುವ ಮರಗಳಿಗೆ ಮರದ ಲೆಕ್ಕದಲ್ಲಿ ತೆರಿಗೆ ಬಿದ್ದಿತು. ಪರವಾನಗಿಯಿಲ್ಲದೆ ರಸ ಇಳಿಸುವುದು ಅಪರಾಧವಾಯಿತು. ದಕ್ಷಿಣ ಕನ್ನಡಕ್ಕೆ 1886ರ ಮದರಾಸು ಅಬಕಾರಿ ಕಾಯಿದೆ ಅನ್ವಯಿಸುತ್ತಿದ್ದಿತು. ಕತ್ತಿ ತಳೆಗಳನ್ನು ಕಮ್ಮಾರನಲ್ಲಿಯೂ ಮನೆಯಲ್ಲಿಯೂ ಮಾಡಿಕೊಳ್ಳುತ್ತಿದ್ದ ಬಡವನಿಗೆ, ಅವೆಲ್ಲಕ್ಕಿಂತ ದುಬಾರಿಯಾದ ಸಲಕರಣೆ ಒಂದು ಕಾಗದದ ಚೂರಾಯಿತೆಂದರೆ ತಪ್ಪಾಗಲಾರದು. ಅನಂತರ 1949ರ ಮುಂಬಯಿ ಪಾನನಿರೋಧ ಕಾಯಿದೆಯು ಈ ಕಸುಬನ್ನೇ ಬಹುಮಟ್ಟಿಗೆ ನಿಲ್ಲಿಸಿತು. ಮರವೇರಬಲ್ಲ ಕೈಕಾಲುಗಳು ಬೇರೆ ಉದ್ಯೋಗ ಅರಸಿಕೊಂಡು ಹೋದವು.

ಅಡಕೆಯ ತೋಟದಲ್ಲಿ ಈ ವಿದ್ಯೆಯು ಬೇರೊಂದು ರೂಪವನ್ನು ತಾಳಿದೆ. 1801ರಲ್ಲಿ ಸೋದೆ, ಶಿರಸಿಗಳ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಅಲ್ಲಿಯ ತೋಟಗಳ ಕೃಷಿಕ್ರಮವನ್ನು ವಿಸ್ತಾರವಾಗಿ ಬರೆದಿರುವನು. ಈ ತೋಟಗಳಲ್ಲಿ ಕೊನೆ ಇಳಿಸುವವನಿಗೆ ಕೊನೆಗಾರನೆಂದೂ ಕೆಲವೆಡೆ ಕೊನೆಗೌಡನೆಂದೂ ಹೆಸರು. ಅಡಕೆಯ ಕಾಂಡವು ಸಪೂರ, ನೆಟ್ಟಗೆ, ಕೊಂಬೆಯಿಲ್ಲದ್ದು. ಏರುವವನ ಎರಡು ಪಾದಗಳನ್ನೂ ಕೂಡಿಸುವ ತಳೆಯೇ ಅವನ ಮೆಟ್ಟಿಲು. ಪಾದಗಳು ಕಾಂಡವನ್ನು ಎರಡು ಕಡೆಯಿಂದ ಒತ್ತಿದಾಗ ತಳೆ ಬಿಗಿದು ಮೈಭಾರವನ್ನು ತಾಳಿಕೊಳ್ಳುತ್ತದೆ. ಕೈಗಳಿಂದ ಮೇಲಕ್ಕೆ ಜಗ್ಗಿ ಕಾಲುಗಳನ್ನು ಎತ್ತಿಕೊಂಡಾಗ ಸಡಿಲವಾಗುತ್ತದೆ. ತಳೆ ಉದ್ದವಾದರೆ ಹಿಡಿತವಿಲ್ಲ, ಗಿಡ್ಡವಾದರೆ ಪಾದ ತಿರುಚಿಕೊಳ್ಳುತ್ತದೆ. ಆದ್ದರಿಂದ ಒಬ್ಬನ ತಳೆ ಇನ್ನೊಬ್ಬನಿಗೆ ಹೊಂದುವುದೇ ಇಲ್ಲ. ಅಂಗಡಿಯಲ್ಲಿ ಕೊಳ್ಳುವ ವಸ್ತು ಇದಾಗಿರಲಿಲ್ಲ. ಹೊಸಬನು ಹಿರಿಯನ ಕಣ್ಣೆದುರಿಗೆ ತನ್ನ ಪಾದಕ್ಕೆ ತಾನೇ ಅಳೆದು ಹೊಸೆದುಕೊಳ್ಳುತ್ತಿದ್ದನು. ಸವೆದುದನ್ನು ಗುರುತಿಸಿ ಎಸೆಯುವುದನ್ನೂ ಅಲ್ಲಿಯೇ ಕಲಿಯುತ್ತಿದ್ದನು.

ಉಳಿದುದು ಕತ್ತಿ ಮತ್ತು ಹಗ್ಗ. ಕೊನೆಯನ್ನು ಎತ್ತರದಿಂದ ಬೀಳಿಸಿದರೆ ಕಾಯಿ ಚೆಲ್ಲುತ್ತದೆಯಾದುದರಿಂದ ಅದನ್ನು ಹಗ್ಗದ ಮೇಲೆ ಜಾರಿಸಿ ಇಳಿಸುವುದು ವಾಡಿಕೆ. ಹಗ್ಗದ ಕೆಳತುದಿಯನ್ನು ದೂರದಲ್ಲಿ ನಿಂತವನೊಬ್ಬನು ಹಿಡಿದಿರುತ್ತಾನೆ. ಮೇಲಿನವನ ಕ್ಷೇಮವು ಕೆಳಗಿನವನ ಎಚ್ಚರದ ಮೇಲೆ ನಿಂತಿರುವುದರಿಂದ ಇವರಿಬ್ಬರೂ ಬಹುವೇಳೆ ಒಂದೇ ಮನೆಯವರು, ಇಲ್ಲವೆ ಬಹುಕಾಲದ ಜೊತೆಗಾರರು. ಒಂದು ಮರದ ಕೊನೆ ಮುಗಿದೊಡನೆ ಕೊನೆಗಾರನು ಇಳಿಯುವುದಿಲ್ಲ. ಮರವನ್ನು ತೂಗಿಸಿ ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟುತ್ತಾನೆ. ನೋಡುವವನ ಎದೆ ಝಲ್ಲೆನ್ನುವ ಈ ದಾಟುವಿಕೆಯಲ್ಲಿ ಒಂದು ಲೆಕ್ಕಾಚಾರವಿದೆ. ಎರಡು ಮುಕ್ಕಾಲು ಮೀಟರಿಗೊಂದು ಗಿಡದಂತೆ ನೆಟ್ಟ ತೋಟದಲ್ಲಿ ಹೆಕ್ಟೇರಿಗೆ ಸಾವಿರದ ಮುನ್ನೂರಕ್ಕೂ ಮೀರಿದ ಮರಗಳು ನಿಲ್ಲುತ್ತವೆ. ಪ್ರತಿಯೊಂದನ್ನೂ ನೆಲದಿಂದಲೇ ಏರತೊಡಗಿದರೆ ಯಾವ ದೇಹವೂ ತಾಳಲಾರದು.

ಕೊನೆಗಾರನ ಕೈಗೆ ಹೊಸ ಉಪಕರಣ ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅದೂ ಒಂದು ರೋಗದ ದೆಸೆಯಿಂದ. ಮಳೆಗಾಲದಲ್ಲಿ ಎಳೆಗಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ ಮಲೆನಾಡಿಗರು ಕೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಪಾಡುತ್ತಿದ್ದರು. (ಕೊಳೆರೋಗವೆಂಬ ಕನ್ನಡ ಮಾತು ಹಾಗೆಯೇ ಪಾಶ್ಚಾತ್ಯ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ಸೇರಿಹೋಗಿದೆ, ಇಂತಹ ಸ್ಥಾನ ಪಡೆದ ನಮ್ಮ ಮಾತುಗಳು ಹೆಚ್ಚಿಲ್ಲ.) 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಸಿಸಿ, ಫ್ರಾನ್ಸಿನಲ್ಲಿ 1885ರ ಸುಮಾರಿಗೆ ಮಿಲಾರ್ದೆ ಎಂಬವರು ದ್ರಾಕ್ಷಿಗೆಂದು ಪ್ರಚಾರಕ್ಕೆ ತಂದಿದ್ದ ಬೋರ್ಡೋ ದ್ರಾವಣವನ್ನು ಅಡಕೆಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಮಳೆಯಲ್ಲಿ ತೊಳೆದುಹೋಗದಂತೆ ಅದಕ್ಕೆ ರಾಳದ ಅಂಟನ್ನೂ ಸೇರಿಸಿದರು.

ಇದರಿಂದ ಏರುವವನ ಹೊರೆ ಬದಲಾಯಿತು. ಕೆಳಗೆ ಪಂಪು ಒತ್ತುವವನು, ಮೇಲೆ ನಳಿಗೆಯನ್ನು ಹಿಡಿದು ಕೊನೆಗಳಿಗೆ ದ್ರಾವಣ ಹಾಯಿಸುವವನು, ನಡುವೆ ಉದ್ದನೆಯ ಕೊಳವೆ. ಮೈಲುತುತ್ತವೂ ಸುಣ್ಣವೂ ಒಂದೊಂದು ಕಿಲೋ, ನೀರು ನೂರು ಲೀಟರ್, ಇದು ಇಂದಿನ ಪ್ರಮಾಣ. ಕಲಸುವ ಪಾತ್ರೆ ಕಬ್ಬಿಣದ್ದಾಗಿರಕೂಡದು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಸುಣ್ಣ ಸಾಲದು ಎಂದರ್ಥ. ಕೊನೆ ಕೊಯ್ಯುವ ಕತ್ತಿಯೇ ಪರೀಕ್ಷೆಯ ಸಾಧನವೂ ಆಯಿತು. ಆದರೆ ಒಂದು ಮಾತನ್ನು ಮರೆಯಲಾಗದು. ಕೊಯ್ಲಿನ ಕಾಲದಲ್ಲಿ ಒಣಗಿರುವ ಕಾಂಡ, ಮದ್ದು ಹೊಡೆಯುವ ಕಾಲದಲ್ಲಿ ಹಾವಸೆಗಟ್ಟಿ ಜಾರುತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಏರಬೇಕು. ವಿಜ್ಞಾನವು ಬೆಳೆಗಾರನ ಬೆಳೆಯನ್ನು ಉಳಿಸಿತು. ಆ ವಿಜ್ಞಾನವನ್ನು ತುದಿಗೆ ಹೊತ್ತವನ ಅಪಾಯವು ಅದರಿಂದ ಹೆಚ್ಚಿತು. ತಳೆ ಮಾತ್ರ ಹಳೆಯದೇ ಉಳಿಯಿತು.

ತೆಂಗಿನ ವಿಷಯದಲ್ಲಿ ಬದಲಾವಣೆ ತಡವಾಗಿ ಬಂದಿತು. ಕಾಸರಗೋಡಿನಲ್ಲಿ 1916ರಲ್ಲಿ ಮದರಾಸು ಸರಕಾರ ಸ್ಥಾಪಿಸಿದ ತೆಂಗಿನ ಸಂಶೋಧನ ಕೇಂದ್ರವು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯಾಯಿತು. ತಳಿ, ಗೊಬ್ಬರ, ರೋಗಗಳ ವಿಚಾರದಲ್ಲಿ ಅದರ ಕಾರ್ಯ ದೊಡ್ಡದು. ಏರುವವರು ದೊರೆಯದೆ ಕಾಯಿ ಮರದಲ್ಲಿಯೇ ಉಳಿಯತೊಡಗಿದ ಮೇಲೆ ಏರುವ ಯಂತ್ರದ ಪ್ರಶ್ನೆಗೆ ಪ್ರಾಮುಖ್ಯ ಬಂದಿತು. ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತರೊಬ್ಬರು ರಚಿಸಿದ ಸಾಧನವು ಆ ಊರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಎರಡು ಲೋಹದ ಚೌಕಟ್ಟುಗಳು, ಪ್ರತಿಯೊಂದಕ್ಕೂ ಕಾಂಡವನ್ನು ಬಳಸುವ ಉಕ್ಕಿನ ತಂತಿಹಗ್ಗ. ಒಂದರ ಮೇಲೆ ಭಾರ ಊರಿ ನಿಂತು ಇನ್ನೊಂದನ್ನು ಮೇಲಕ್ಕೆ ಸರಿಸುವುದು, ಮತ್ತೆ ಅದರ ಮೇಲೆ ನಿಂತು ಮೊದಲಿನದನ್ನು ಸರಿಸುವುದು. ಸೂಕ್ಷ್ಮವಾಗಿ ನೋಡಿದರೆ ಇದು ತಳೆಯ ತತ್ತ್ವವೇ. ಪಾದದ ಬದಲಿಗೆ ಲೋಹ ಬಂದಿದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಸಾಧನದಲ್ಲಿ ಕುಳಿತೇ ಏರಬಹುದು. ನಿಂತು ಏರುವುದು ಶೀಘ್ರ, ಕುಳಿತು ಏರುವುದು ನಿಧಾನ. ಆದರೆ ಎತ್ತರಕ್ಕೆ ಅಂಜುವ ಹೊಸಬನಿಗೆ ಎರಡನೆಯದೇ ಲೇಸು.

2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನ ಮರದ ಗೆಳೆಯರು ಎಂಬ ತರಬೇತಿಯನ್ನು ಆರಂಭಿಸಿತು. ಕೆಲವೇ ದಿನಗಳ ಶಿಕ್ಷಣ, ಕೊನೆಯಲ್ಲಿ ಏರುವ ಸಾಧನ, ಇದು ಅದರ ಕ್ರಮ. ಅದರಲ್ಲಿ ಹೆಂಗಸರೂ ಸೇರಿದುದು ಈ ವೃತ್ತಿಯ ಚರಿತ್ರೆಯಲ್ಲಿ ಹೊಸ ಸಂಗತಿ. ಜಾತಿಯಿಂದ ಬರುತ್ತಿದ್ದ ಕಸುಬು ತರಬೇತಿಯಿಂದ ಬರತೊಡಗಿತು. ಕಾಸರಗೋಡಿನ ಸಂಸ್ಥೆಯು ಚೆಂಬೇರಿ ಸಾಧನಕ್ಕೆ ಸುರಕ್ಷೆಯ ಜೋಡಣೆಯೊಂದನ್ನು ರೂಪಿಸಿತು. ಆದರೂ ಈ ಯಂತ್ರ ಅಡಕೆ ತೋಟವನ್ನು ಹೊಗಲಿಲ್ಲ. ತೆಂಗಿನ ಮರಗಳು ಏಳೂವರೆ ಮೀಟರಿಗೊಂದರಂತೆ ನಿಲ್ಲುವುದರಿಂದ ಹೆಕ್ಟೇರಿಗೆ ನೂರೆಪ್ಪತ್ತೈದರ ಸುಮಾರಷ್ಟೆ. ಅಲ್ಲಿ ಪ್ರತಿ ಮರಕ್ಕೂ ಯಂತ್ರವನ್ನು ಕಟ್ಟಿ ಬಿಚ್ಚುವುದು ಸಾಧ್ಯ. ಅಡಕೆಯಲ್ಲಿ ಅದೇ ಕೆಲಸವನ್ನು ಏಳೆಂಟು ಪಟ್ಟು ಮಾಡಬೇಕು. ಅಲ್ಲಿ ಗೆದ್ದುದು ನೆಲದಲ್ಲಿಯೇ ನಿಂತು ಕೊಯ್ಯುವ ಉದ್ದನೆಯ ದೋಟಿ. ಈಚಿನ ವರ್ಷಗಳಲ್ಲಿ ಬಂದಿರುವ ಕಾರ್ಬನ್ ಫೈಬರಿನ ದೋಟಿ ಹಗುರ, ಗಟ್ಟಿ, ಬೆಲೆ ಮಾತ್ರ ಬಡವನ ಕೈಗೆ ಎಟುಕದ್ದು. ಇದನ್ನು ಕೊಳ್ಳುವವನು ತಿಳಿದಿರಲೇಬೇಕಾದ ಒಂದು ಅಂಶವಿದೆ: ಲೋಹದಂತೆ ಕಾರ್ಬನ್ ಫೈಬರೂ ವಿದ್ಯುತ್ತನ್ನು ಹರಿಯಬಿಡುತ್ತದೆ. ತೋಟದ ಮೇಲೆ ತಂತಿ ಹಾಯ್ದಿದ್ದರೆ ಮರವೇರದವನಿಗೂ ಅಪಾಯ ತಪ್ಪಿದ್ದಲ್ಲ.

ಇನ್ನು ತುರ್ಭೆಯ ರಸ್ತೆಗಳಿಗೆ ಬರಬಹುದು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, 1992ರ ಜನವರಿಯಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ ಕಾರ್ಯಾರಂಭ ಮಾಡುವ ಹೊತ್ತಿಗೆ ಇಲ್ಲಿ ಮರದ ಕೆಲಸವೆಂದರೆ ಫಲ ಇಳಿಸುವುದಾಗಿರಲಿಲ್ಲ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಮಳೆಮರ ಮೊದಲಾದ ನೆರಳಿನ ಮರಗಳ ಕೊಂಬೆಗಳನ್ನು ಮಳೆಗಾಲಕ್ಕೆ ಮುನ್ನ ಸವರುವುದು ಇಲ್ಲಿಯ ಕೆಲಸ. ಕೊಂಬೆಯೊಡೆದ ಮರಕ್ಕೆ ತಳೆಯೂ ಹೊಂದದು, ಚೆಂಬೇರಿಯ ಯಂತ್ರವೂ ಹೊಂದದು. ಹೀಗಾಗಿ ಕರಾವಳಿಯ ನೂರಾರು ವರ್ಷಗಳ ಸಲಕರಣೆಯ ಜ್ಞಾನವು ಊರು ಬಿಟ್ಟು ಇಲ್ಲಿಗೆ ಬಂದವನಿಗೆ ನೆರವಾಗುವುದು ಅರ್ಧ ಮಾತ್ರ: ಹಗ್ಗದ ಪರೀಕ್ಷೆ, ಕೆಳಗಿನ ಜೊತೆಗಾರನ ಎಚ್ಚರ, ಅಷ್ಟು. ಕೊಯತಾ ಒಂದನ್ನೇ ಹಿಡಿದು ಮೇಲೇರಿದವನು ಕೊಂಬೆಯನ್ನು ಕಡಿದರೆ ಅದು ತನ್ನ ಭಾರಕ್ಕೆ ತೊಗಟೆಯನ್ನು ಸೀಳಿಕೊಂಡು ಬೀಳುತ್ತದೆ; ಮರದ ಗಾಯ ಕೊಳೆಯುತ್ತದೆ, ಕೊಂಬೆ ಎತ್ತ ತಿರುಗುವುದೆಂಬ ಭರವಸೆಯಿಲ್ಲ. ಕೈಗರಗಸದಿಂದ ಮೊದಲು ಅಡಿಯಲ್ಲಿ ಅರೆಗೊಯ್ತ, ಅದರಾಚೆ ಮೇಲಿನಿಂದ ಪೂರ್ಣಗೊಯ್ತ, ಕಡೆಗೆ ಬುಡದ ಉಬ್ಬಿನ ಹೊರಗೆ ಮೋಟನ್ನು ತೆಗೆಯುವುದು, ಹೀಗೆ ಮೂರು ಕೊಯ್ತಗಳ ಕ್ರಮವೇ ಸರಿಯಾದುದು. ಆ ಉಬ್ಬನ್ನು ಉಳಿಸಿದರೆ ಮರ ತಾನೇ ಗಾಯವನ್ನು ಮುಚ್ಚಿಕೊಳ್ಳುವ ಬಗೆಯನ್ನು ಅಮೆರಿಕದ ಅಲೆಕ್ಸ್ ಶೈಗೋ 1970ರ ದಶಕದಲ್ಲಿ ವಿವರಿಸಿದರು. ಆದುದರಿಂದ ನಗರದಲ್ಲಿ ಈ ಕೆಲಸಕ್ಕೆ ತೊಡಗುವವನು ಕೊಯತಾಕ್ಕಿಂತ ಮೊದಲು ಗರಗಸ ಕೊಳ್ಳಬೇಕು. ಯಂತ್ರಗರಗಸ ಆಮೇಲೆ, ನೆಲದ ಮೇಲೆ ಅದು ಕೈಗೆ ಹತ್ತಿದ ನಂತರ.

ಭಾರತೀಯ ಮಾನಕದಲ್ಲಿ ಶಿರಸ್ತ್ರಾಣಕ್ಕೆ 2925, ಮೈಕಟ್ಟಿನ ಸುರಕ್ಷಾಪಟ್ಟಿಗಳಿಗೆ 3521 ಎಂಬ ಸಂಖ್ಯೆಗಳಿವೆ. ಅವುಗಳನ್ನು ನೋಡಿ ಕೊಳ್ಳುವ ಜವಾಬ್ದಾರಿ ಕೂಲಿಯವನದೋ ಗುತ್ತಿಗೆದಾರನದೋ ಎಂಬಲ್ಲಿ ತೊಡಕು ಇರುವುದು. ಕೊನೆಗಾರನು ತನ್ನ ತಳೆಯನ್ನು ತಾನೇ ಹೊಸೆದುಕೊಳ್ಳುತ್ತಿದ್ದುದರಿಂದ ಅದರ ಬಲಾಬಲ ಅವನಿಗೆ ಗೊತ್ತಿದ್ದಿತು. ದಿನಗೂಲಿಗೆ ಕರೆಸಿಕೊಂಡವನಿಗೆ ಬೆಳಗ್ಗೆ ಯಾರೋ ಕೊಟ್ಟ ಹಗ್ಗದ ಪೂರ್ವಚರಿತ್ರೆ ಗೊತ್ತಿರುವುದಿಲ್ಲ. ಅಬಕಾರಿಯ ಕಾಲದಂತೆ ಇಲ್ಲಿಯೂ ಕಾಗದ ಮೊದಲು ಬೇಕು. ಮಹಾರಾಷ್ಟ್ರದ 1975ರ ನಗರಪ್ರದೇಶಗಳ ವೃಕ್ಷಸಂರಕ್ಷಣ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. 2021ರ ತಿದ್ದುಪಡಿಯು ಐವತ್ತು ವರ್ಷ ಮೀರಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಪರಿಗಣಿಸಿದೆ. ಅನುಮತಿಪತ್ರವನ್ನು ಕಣ್ಣಾರೆ ಕಾಣದೆ, ಕೊಟ್ಟ ಹಗ್ಗವನ್ನು ನೆಲದಲ್ಲಿ ಜಗ್ಗಿ ನೋಡದೆ, ಮೇಲೇರಲು ಒಪ್ಪದಿರುವ ಹಕ್ಕು ಕೂಲಿಯವನಿಗೆ ಇರುವಲ್ಲಿ ಮಾತ್ರ ಈ ಸಂಖ್ಯೆಗಳಿಗೂ ಕಾಯಿದೆಗಳಿಗೂ ಮರದ ಮೇಲೆ ಅರ್ಥ ಬರುತ್ತದೆ.