ಪುಟ್ಟ ರೋಬಾಟ್‌ಗಳಲ್ಲಿ ಬ್ಯಾಟರಿ ವೋಲ್ಟೇಜ್ ಅಳತೆ

ರೋಬಾಟ್‌ನ ಮೈಕ್ರೊಕಂಟ್ರೋಲರ್ ಬೋರ್ಡೇ ತನ್ನ ಬ್ಯಾಟರಿಯ ವೋಲ್ಟೇಜನ್ನು ಆಗಾಗ ಅಳೆದು, ಮಿತಿಗಿಂತ ಇಳಿದಾಗ ಮೋಟಾರುಗಳನ್ನು ನಿಲ್ಲಿಸುವ ವ್ಯವಸ್ಥೆ. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಇದು ಅತ್ಯಗತ್ಯ. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ 4.2 ವೋಲ್ಟ್ ಇರುತ್ತದೆ. 3 ವೋಲ್ಟ್‌ಗಿಂತ ಕೆಳಗೆ ಹೋದರೆ ಸೆಲ್ ಶಾಶ್ವತವಾಗಿ ಕೆಡಬಹುದು.

ಸರ್ಕ್ಯೂಟ್

ಎರಡು ಸೆಲ್‌ಗಳ 8.4 ವೋಲ್ಟನ್ನು 5 ವೋಲ್ಟ್‌ನ ಚಿಪ್ಪಿಗೆ ನೇರವಾಗಿ ಕೊಡುವಂತಿಲ್ಲ. 20 ಮತ್ತು 10 ಕಿಲೋಓಮ್‌ನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, ಮೂರನೇ ಒಂದು ಪಾಲನ್ನು ಮಾತ್ರ ಅನಲಾಗ್ ಪಿನ್ನಿಗೆ ಕೊಡುತ್ತಾರೆ. ಆರ್ಡುಯಿನೊ ಊನೊದ ಎಟಿಮೆಗಾ328ಪಿ ಚಿಪ್ಪಿನಲ್ಲಿರುವ 10 ಬಿಟ್ ಅನಲಾಗ್-ಡಿಜಿಟಲ್ ಪರಿವರ್ತಕ ಆ 2.8 ವೋಲ್ಟನ್ನು 573 ಎಂದು ಓದುತ್ತದೆ.

ರೆಫರೆನ್ಸ್ ವೋಲ್ಟೇಜ್

ಪರಿವರ್ತಕ ಹೇಳುವುದು ರೆಫರೆನ್ಸ್ ವೋಲ್ಟೇಜಿಗೆ ಹೋಲಿಸಿದ ಅನುಪಾತವನ್ನಷ್ಟೇ. ಊನೊದಲ್ಲಿ ಬೇರೆ ಆಯ್ಕೆ ಮಾಡದಿದ್ದರೆ ಆ ರೆಫರೆನ್ಸ್ ಬೋರ್ಡಿನ 5 ವೋಲ್ಟ್ ಪೂರೈಕೆಯೇ. ಅದಾದರೂ ಬರುವುದು ಇದೇ ಬ್ಯಾಟರಿಯಿಂದ, ರೆಗ್ಯುಲೇಟರ್ ದಾಟಿ. ಪವರ್ ಜ್ಯಾಕಿಗೆ ಶಿಫಾರಸು ಮಾಡಿರುವ ಕನಿಷ್ಠ ವೋಲ್ಟೇಜ್ 7; ಅದಕ್ಕಿಂತ ಇಳಿದರೆ ಪೂರೈಕೆ 5 ವೋಲ್ಟ್‌ನಲ್ಲಿ ನಿಲ್ಲದಿರಬಹುದು. ಡಯೋಡ್ ಮತ್ತು ರೆಗ್ಯುಲೇಟರ್ ಸೇರಿ 1.7 ವೋಲ್ಟ್ ನುಂಗುತ್ತವೆ ಎಂದಿಟ್ಟುಕೊಳ್ಳೋಣ. ಬ್ಯಾಟರಿ 6.6 ವೋಲ್ಟ್‌ಗೆ ಇಳಿದಾಗ ರೆಫರೆನ್ಸ್ 4.9 ಆಗಿ, ಪರಿವರ್ತಕ 460 ತೋರಿಸುತ್ತದೆ. ಬ್ಯಾಟರಿ 6 ವೋಲ್ಟ್‌ಗೆ ಬಂದಾಗ ರೆಫರೆನ್ಸ್ 4.3, ತೋರುವ ಸಂಖ್ಯೆ 476. ಬ್ಯಾಟರಿ ಬರಿದಾಗುತ್ತಿದ್ದರೆ ಸಂಖ್ಯೆ ಏರುತ್ತಿದೆ! ರೆಫರೆನ್ಸ್ 5 ವೋಲ್ಟೇ ಎಂದು ನಂಬಿದ ಪ್ರೋಗ್ರಾಂಗೆ ಸೆಲ್‌ಗೆ 3 ವೋಲ್ಟ್ ಮಾತ್ರ ಉಳಿದ ಬ್ಯಾಟರಿ ಸುಮಾರು 7 ವೋಲ್ಟ್ ಇರುವಂತೆ ಕಾಣುತ್ತದೆ. ಎಚ್ಚರಿಕೆ ಬೇಕಾದ ಹೊತ್ತಿನಲ್ಲೇ ಎಚ್ಚರಿಕೆ ಬರುವುದಿಲ್ಲ.

ಇದಕ್ಕೆ ಪರಿಹಾರ ಚಿಪ್ಪಿನೊಳಗೇ ಇರುವ 1.1 ವೋಲ್ಟ್ ರೆಫರೆನ್ಸ್. ಆಗ ರೆಸಿಸ್ಟರುಗಳನ್ನು 82 ಮತ್ತು 10 ಕಿಲೋಓಮ್‌ಗೆ ಬದಲಿಸಿದರೆ 8.4 ವೋಲ್ಟ್ 0.91 ಆಗಿ ಮಿತಿಯೊಳಗೆ ಬರುತ್ತದೆ. ಮೂಲದ ರೋಧ 10 ಕಿಲೋಓಮ್ ಮೀರಬಾರದೆಂಬ ಡೇಟಾಶೀಟಿನ ಸಲಹೆಯೂ ಪಾಲನೆಯಾಗುತ್ತದೆ. ಆದರೆ ಈ ರೆಫರೆನ್ಸ್ ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2 ವೋಲ್ಟ್‌ವರೆಗೆ ವ್ಯತ್ಯಾಸವಾಗಬಹುದು. ಆದ್ದರಿಂದ ಪ್ರತಿ ಬೋರ್ಡನ್ನೂ ಒಮ್ಮೆ ಮಲ್ಟಿಮೀಟರಿನೊಂದಿಗೆ ತಾಳೆ ನೋಡಿ, ಸಿಕ್ಕ ಗುಣಕವನ್ನು ಪ್ರೋಗ್ರಾಂನಲ್ಲಿ ಬರೆದಿಡಬೇಕು.

ಮಿತಿ

ಮೋಟಾರು ಹೊರಡುವ ಕ್ಷಣದಲ್ಲಿ ಬ್ಯಾಟರಿಯ ಒಳರೋಧದಿಂದಾಗಿ ವೋಲ್ಟೇಜ್ ಕುಸಿದು ಮತ್ತೆ ಮೇಲೇಳುತ್ತದೆ. ಒಂದೇ ಓದನ್ನು ನಂಬದೆ ಹಲವನ್ನು ಸರಾಸರಿ ಮಾಡುವುದು ಒಳ್ಳೆಯದು. ಓಡುತ್ತಿರುವ ರೋಬಾಟ್‌ಗೆ ಸೆಲ್‌ಗೆ 3.3 ವೋಲ್ಟ್ ಆಸುಪಾಸಿನ ಮಿತಿ ಸಾಮಾನ್ಯವಾಗಿ ಸುರಕ್ಷಿತ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ಬಹುಹೊತ್ತು 1.2 ವೋಲ್ಟ್ ಸುತ್ತಲೇ ನಿಲ್ಲುವುದರಿಂದ ವೋಲ್ಟೇಜಿನಿಂದ ಉಳಿದ ಚಾರ್ಜ್ ಊಹಿಸುವುದು ಕಷ್ಟ.

ಅಮೆರಿಕದ ಪೊಲೊಲು ಕಂಪನಿಯ 3ಪೈ ರೋಬಾಟ್ ನಾಲ್ಕು ಟ್ರಿಪಲ್ ಎ ಸೆಲ್‌ಗಳ ವೋಲ್ಟೇಜನ್ನು 9.25ಕ್ಕೆ ಏರಿಸಿ ಮೋಟಾರುಗಳಿಗೆ ಕೊಡುತ್ತದೆ. ಬ್ಯಾಟರಿ ಇಳಿದರೂ ಅದರ ವೇಗ ಕುಗ್ಗದ ಕಾರಣ, ನೋಡುವವರಿಗೆ ಸುಳಿವು ಸಿಗುವುದಿಲ್ಲ. ಬ್ಯಾಟರಿ ವೋಲ್ಟೇಜಿನ ಮೂರರಲ್ಲಿ ಎರಡು ಪಾಲನ್ನು ಅಳೆಯುವ ಪಿನ್ನೊಂದನ್ನು ಅದರ ಬೋರ್ಡಿನಲ್ಲೇ ಒದಗಿಸಲಾಗಿದೆ.