ದೇವರ ಮೀನು, ಹೊಳೆಯ ಮೀನು

ಶೃಂಗೇರಿಗೆ ಹೋದವರು ಶಾರದೆಯ ದರ್ಶನ ಮುಗಿಸಿ, ತುಂಗೆಯ ಮೆಟ್ಟಿಲಿಳಿದು ಮೀನಿಗೆ ಪುರಿ ಎರಚುವುದು ವಾಡಿಕೆ. ದೊಡ್ಡ ದೊಡ್ಡ ಮೀನುಗಳು ಮನುಷ್ಯನ ನೆರಳಿಗೆ ಬೆದರದೆ ಮೇಲೆದ್ದು ಬರುತ್ತವೆ. ಇವು ದೇವರ ಮೀನುಗಳು, ಹಿಡಿಯುವಂತಿಲ್ಲ.

ಮೀನಿಗೆ ಅಭಯವೀಯುವ ಪದ್ಧತಿ ನಮ್ಮ ದೇಶದಲ್ಲಿ ಬಹು ಹಳೆಯದು. ಅಶೋಕನ ಐದನೆಯ ಸ್ತಂಭಶಾಸನವು ಕೆಲವು ಪರ್ವದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸಿದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮೀನಿನ ಜಾತಿಗಳನ್ನೂ ಅವುಗಳ ಆಹಾರವನ್ನೂ ಗಾಳದ ವಿನೋದವನ್ನೂ ವರ್ಣಿಸಿದ್ದಾನೆ. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ಬ್ರಿಟಿಷ್ ಇಂಡಿಯಾದ 1897ರ ಕಾಯಿದೆ ಅಪರಾಧವೆಂದಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ತನ್ನದೇ ರೆಗ್ಯುಲೇಷನ್ ಮಾಡಿತು.

ಆದರೆ ಮೀನಿನ ಬಾಳು ಒಂದು ಸ್ನಾನಘಟ್ಟದಲ್ಲಿ ಮುಗಿಯುವುದಿಲ್ಲ. ಮುಂಗಾರಿನ ಕೆನ್ನೀರು ಹರಿದೊಡನೆ ಎಷ್ಟೋ ಜಾತಿಯ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತವೆ. ಮಲೆನಾಡಿನವರು ಇದನ್ನು ‘ಹತ್ತು ಮೀನು’ ಎನ್ನುತ್ತಾರೆ. ಆಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳ್ಳದ ಬಾಯಲ್ಲಿ ಕೂಣಿ ಕಾದಿರುತ್ತದೆ. ಮನೆಯ ಸಾರಿಗೆಂದು ನಾಲ್ಕು ಮೀನು ಹಿಡಿದರೆ ಹೊಳೆ ತಾಳಿಕೊಂಡೀತು. ತೋಟೆ ಸಿಡಿಸಿದರೆ ದೊಡ್ಡದರೊಂದಿಗೆ ಮರಿಯೂ ಸಾಯುತ್ತದೆ. ಮೊಟ್ಟೆ ಹೊತ್ತ ಮೀನುಗಳನ್ನೇ ಬುಟ್ಟಿಗಟ್ಟಲೆ ಬಾಚಿದರೆ ಮುಂದಿನ ವರ್ಷಕ್ಕೆ ಉಳಿಯುವುದೇನು? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಮಳೆನೀರಿನೊಡನೆ ಹಳ್ಳ ಸೇರಿದರೆ ಅದೂ ಮೀನಿಗೆ ವಿಷವೇ.

ಅಣೆಕಟ್ಟುಗಳ ಮಾತು ಬೇರೆ. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದು, ನರಸಿಂಹರಾಜಪುರದ ಮಗ್ಗುಲವರೆಗೂ ಹಿನ್ನೀರು ಬಂತು. ಗದ್ದೆಗಳಿಗೆ ನೀರಾಯಿತು, ನಿಜ. ಕೆಳಗಿನಿಂದ ಏರಿ ಬರುವ ಮೀನಿಗೆ ದಾರಿ ಕಟ್ಟಿತು. ತುಂಗಭದ್ರೆಯಲ್ಲಿ ಒಂದು ಕಾಲಕ್ಕೆ ಹೇರಳವಾಗಿದ್ದ, ನೀರಸಸ್ಯ ಮೇಯುವ ಹರಗಿ ಮೀನು ಈಗ ಅಳಿವಿನ ಅಂಚಿನಲ್ಲಿದೆ.

ಹಾಗಾದರೆ ದೇವರ ಅಭಯವೊಂದೇ ಸಾಕೆ? ಘಟ್ಟದ ಕೆಳಗೆ ಶಿಶಿಲದ ಕಪಿಲಾ ಹೊಳೆಯಲ್ಲೂ ಇಂಥ ದೇವರ ಮೀನುಗಳಿವೆ. 1996ರಲ್ಲಿ ಯಾರೋ ದುಷ್ಟರು ಅಲ್ಲಿ ವಿಷವಿಕ್ಕಿದರು. ಸಾವಿರಾರು ಮೀನು ಸತ್ತವು. ಊರವರು ಅವುಗಳ ನೆನಪಿಗೆ ಸ್ಮಾರಕ ನಿಲ್ಲಿಸಿದರು.

ಭಕ್ತಿ ಕಾಯುವುದು ಘಟ್ಟದ ಮೀನನ್ನು ಮಾತ್ರ, ಅದೂ ಎಲ್ಲ ಕಾಲದಲ್ಲಿ ಅಲ್ಲ. ಕಾಯಿದೆ ಪುಸ್ತಕದಲ್ಲಿದ್ದರೆ ಹೊಳೆಗೆ ತಿಳಿಯದು. ಮೀನು ಹತ್ತುವ ಆ ಕೆಲವು ವಾರ ಕೂಣಿಯನ್ನು ಅಟ್ಟದ ಮೇಲಿಡುವ ಕಟ್ಟುಪಾಡನ್ನು ಊರೂರಿನವರು ತಾವೇ ಮಾಡಿಕೊಳ್ಳಬೇಕು. ಇಲ್ಲವಾದರೆ ಪುರಿ ಎರಚಲು ಶೃಂಗೇರಿಯಲ್ಲಿ ಮೀನಿದ್ದಾವು. ತುಂಗೆಯ ಉಳಿದ ಉದ್ದಕ್ಕೆ ಬರಿಯ ನೀರಿದ್ದೀತು.